ಬಳಪದ ವಂಶಾವಳಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಂಬ ಐದು ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಯೆಂಬ ಒಂದೇ ಸೂರಿನಡಿ ಸೇರಿದ್ದರೂ, ಮಳೆಯ ಅಭಾವವೊಂದನ್ನುಳಿದು ಬೇರೆ ವಿಷಯಗಳಲ್ಲಿ ಅವುಗಳೊಳಗೆ ಐಕಮತ್ಯವಿದೆಯೆಂದು ನಾನು ಹೇಳಲಾರೆ. ಕಲ್ಲಿನ ವಿಷಯದಲ್ಲಂತೂ ಇಲ್ಲವೇ ಇಲ್ಲ. ಮೂಡಣಕ್ಕೆ, ಗುಡೇಕೋಟೆಯ ಕಡೆ, ಕರಡಿಗಳಿಗೆ ಮನೆಮಾಡಿಕೊಟ್ಟು ನಿಂತಿರುವ ಹೆಬ್ಬಂಡೆಗಳದು ಗ್ರಾನೈಟಿನ ಹಠಮಾರಿ ಸಾಮ್ರಾಜ್ಯ. ಪಡುವಣಕ್ಕೆ ತುಂಗಭದ್ರೆಯತ್ತ ಸರಿದಂತೆ ಧಾರವಾಡ ಶಿಲಾವರ್ಗದ ಪಟ್ಟಿಗಳು ತಲೆದೋರಿ, ಉಗುರಿಗೂ ಮಣಿಯುವ ಬಳಪದ ಕಲ್ಲಿನ ಸೀಮೆ ಬರುತ್ತದೆ. ನನ್ನ ತಂದೆಯವರದು ಮೊದಲನೆಯ ಸೀಮೆ, ತಾಯಿಯ ತವರು ಎರಡನೆಯದು. ಮನುಷ್ಯಸ್ವಭಾವವು ನೆಲದ ಗುಣವನ್ನು ಅನುಸರಿಸುವುದೆಂಬ ಮಾತನ್ನು ನಾನು ನಂಬದಿರುವುದಕ್ಕೆ ಇದೇ ಕಾರಣ. ನಮ್ಮ ಮನೆಯಲ್ಲಿ ಉಗುರಿಗೆ ಮಣಿಯುತ್ತಿದ್ದವರು ಕೂಡ್ಲಿಗಿಯವರು, ಹಡಗಲಿಯವರಲ್ಲ.

ಬಳಪವನ್ನು ಪಾಟಿಯ ಮೇಲೆ ತೀಡಿದುದಕ್ಕಿಂತ ಹೆಚ್ಚಾಗಿ ತಿಂದವರ ಪೀಳಿಗೆಗೆ ನಾನು ಸೇರಿದವನು. ಹಸಿವಿಗೆ ತಿಂದದ್ದಲ್ಲ, ರುಚಿಗಂತೂ ಅಲ್ಲವೇ ಅಲ್ಲ. ಹಲ್ಲಿನ ನಡುವೆ ಅದು ನುಣ್ಣಗೆ ಹಿಟ್ಟಾಗಿ ಜಾರುವ ಆ ಸುಖಕ್ಕಾಗಿ. "ಬಳಪ ತಿಂದ್ರ ಹೊಟ್ಟ್ಯಾಗ ಕಲ್ಲು ಬೆಳಿತಾವೋ ತಮ್ಮಾ" ಎಂದು ಅಜ್ಜಿ ಗದರುತ್ತಿದ್ದಳು. ಆ ಎಳೆಯ ವಯಸ್ಸಿನಲ್ಲಿ ನಾನು ಮೆಲ್ಲುತ್ತಿದ್ದುದು ಭೂಗರ್ಭದಿಂದ ಉಕ್ಕಿಬಂದ ಅಗ್ನಿಶಿಲೆಯ ಪಾರ್ಥಿವಾವಶೇಷವೆಂಬುದು ಅವಳಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

250 ಕೋಟಿ ವರ್ಷಗಳಿಗೂ ಹಿಂದೆ, ಭೂಮಿಯ ಒಡಲು ಇಂದಿಗಿಂತ ಬಿಸಿಯಾಗಿದ್ದ ಕಾಲದಲ್ಲಿ, ಮೆಗ್ನೀಸಿಯಂ ತುಂಬಿದ ಶಿಲಾರಸವು ಆಳದಿಂದ ಮೇಲೇರಿ ಬಂದಿತು. ಇಂಥ ಲಾವಾಶಿಲೆಗೆ ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ನೆನಪಿನಲ್ಲಿ 1969ರಲ್ಲಿ ಕೊಮಾಟೈಟ್ ಎಂದು ನಾಮಕರಣವಾಯಿತು. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿಯೂ ಅದು ದೊರೆತಿದೆ. ಇಂದಿನ ಜ್ವಾಲಾಮುಖಿಗಳ ಲಾವಾ 1,200 ಡಿಗ್ರಿಯ ಆಸುಪಾಸಿನದಾದರೆ, ಅದು 1,600 ಡಿಗ್ರಿಯ ಸಮೀಪದ್ದು. ತಣಿದಾಗ ಅದರಲ್ಲಿ ಘನೀಭವಿಸಿದ ಆಲಿವೀನ್ ಎಂಬ ಹಸಿರು ಖನಿಜಕ್ಕೆ ಗಾಜನ್ನು ಗೀರುವಷ್ಟು ಕಾಠಿಣ್ಯ. ಆದರೆ ಬೆಂಕಿಯಲ್ಲಿ ಹುಟ್ಟಿದ ಈ ಖನಿಜಕ್ಕೆ ನೀರೆಂದರೆ ತಡೆಯದು. ಬಿರುಕುಗಳ ಮೂಲಕ ಬಿಸಿನೀರು ಒಳಹೊಕ್ಕಿತೆಂದರೆ ಆಲಿವೀನ್ ತನ್ನ ಕಟ್ಟಡವನ್ನು ಸಡಿಲಿಸಿ, ಆ ನೀರನ್ನೇ ಹೊಸ ಕಟ್ಟಡದೊಳಕ್ಕೆ ಸೇರಿಸಿಕೊಂಡು, ಸರ್ಪೆಂಟೈನ್ ಎಂಬ ಮೃದು ಖನಿಜವಾಗುತ್ತದೆ. ಅದರ ತೂಕದಲ್ಲಿ ಶೇಕಡ 13ರಷ್ಟು ನೀರೇ. ಒಣಗಿ ಬಿರಿದ ನಮ್ಮ ಸೀಮೆಯಲ್ಲಿ ಇಷ್ಟೊಂದು ನೀರು ಕಲ್ಲಿನೊಳಗೆ ಬಂಧಿಯಾಗಿ ಕುಳಿತಿದೆಯೆಂಬುದು ರೈತನಿಗೆ ಸಮಾಧಾನ ತರುವ ಸುದ್ದಿಯಲ್ಲ.

ಮುಂದೆ ಇಂಗಾಲದ ಡೈಆಕ್ಸೈಡ್ ಬೆರೆತ ದ್ರವವು ಬಂದರೆ, ಸರ್ಪೆಂಟೈನ್ ಆ ಅನಿಲವನ್ನು ಹೀರಿ, ಪಡೆದ ನೀರಿನ ಬಹುಭಾಗವನ್ನು ಹಿಂದಿರುಗಿಸಿ, ಟಾಲ್ಕ್ ಮತ್ತು ಮ್ಯಾಗ್ನಸೈಟ್‌ಗಳಾಗಿ ಒಡೆದು ಬಳಪದ ಕಲ್ಲಾಗುತ್ತದೆ. ಟಾಲ್ಕಿನ ಪದರಗಳನ್ನು ಒಂದಕ್ಕೊಂದು ಕಟ್ಟಿರುವ ಬಲ ಅತ್ಯಲ್ಪವಾದುದರಿಂದ ಅವು ಬೆರಳಿನಡಿ ಜಾರುತ್ತವೆ. ಅಲ್ಯೂಮಿನಿಯಂ ಹೆಚ್ಚಿದ್ದೆಡೆ ಕ್ಲೋರೈಟ್ ಸೇರಿ ಕಲ್ಲಿಗೆ ಹಸಿರು ಛಾಯೆ ಬರುತ್ತದೆ. ಆಲಿವೀನಿನಲ್ಲಿದ್ದ ಕಬ್ಬಿಣವು ಹೊರತಳ್ಳಲ್ಪಟ್ಟು ಮ್ಯಾಗ್ನಟೈಟಿನ ಕರಿಯ ಕಣಗಳಾಗುವುದುಂಟು. ಹಡಗಲಿಯ ಕಡೆಯ ಹೊಲದ ಬದುವಿನಲ್ಲಿ ಸಿಕ್ಕ ಚೂರೊಂದನ್ನು ಮನೆಯಲ್ಲಿ ಅರೆದು ಕಾಗದದ ಮೇಲೆ ಹರವಿ, ಕೆಳಗಿನಿಂದ ಅಯಸ್ಕಾಂತವನ್ನು ಆಡಿಸಿದಾಗ, ಬಿಳಿಯ ಹಿಟ್ಟಿನ ನಡುವಿನಿಂದ ಕೂದಲೆಳೆಯಂಥ ಕರಿಯ ಸಾಲೊಂದು ಎದ್ದುನಿಂತು ನಡೆಯತೊಡಗಿತು. ಮೊಮ್ಮಗಳು ಅದನ್ನು ಇರುವೆಯೆಂದಳು.

ಇಷ್ಟೆಲ್ಲ ರೂಪಾಂತರವಾದ ಮೇಲೆಯೂ ಕಲ್ಲಿನ ಪೂರ್ವಾಶ್ರಮವನ್ನು ಪತ್ತೆಹಚ್ಚುವ ಭೂರಸಾಯನಜ್ಞರ ಚಾತುರ್ಯವನ್ನು ನಾನು ಮೆಚ್ಚುತ್ತೇನೆ. ಹರಿಯುವ ದ್ರವವು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಸುಲಭವಾಗಿ ತೊಳೆದೊಯ್ಯುತ್ತದೆ. ಕ್ರೋಮಿಯಂ, ನಿಕ್ಕಲ್, ಟೈಟೇನಿಯಂಗಳು ಮಾತ್ರ ಹೆಚ್ಚಾಗಿ ಕದಲದೆ ಕುಳಿತಿರುತ್ತವೆ. ಅವುಗಳ ಪ್ರಮಾಣವನ್ನಳೆದು, ಈ ಮಿದು ಕಲ್ಲು ಒಂದಾನೊಂದು ಕಾಲದಲ್ಲಿ ಯಾವ ಬೆಂಕಿಯ ಕುಲದ್ದೆಂಬುದನ್ನು ಅವರು ಹೇಳಿಬಿಡುತ್ತಾರೆ. ನಮ್ಮ ಕಡೆಯ ಹೆಳವರು ಮನೆತನಗಳ ವಂಶಾವಳಿಯನ್ನು ಒಪ್ಪಿಸುವ ರೀತಿಯೂ ಇಷ್ಟೇ ನಿಷ್ಠುರ.

ಬಾದಾಮಿಯ ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಒಲಿದ ಶಿಲ್ಪಿಗಳು ಈ ಪಡುವಣ ತಾಲ್ಲೂಕುಗಳಲ್ಲಿ ಮಾಡಿಟ್ಟುದನ್ನು ನೋಡದವನು ಕಲ್ಯಾಣ ಚಾಲುಕ್ಯರ ವಿಷಯವನ್ನು ಮಾತನಾಡಬಾರದೆಂಬುದು ನನ್ನ ಅಭಿಪ್ರಾಯ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇಗುಲದಲ್ಲಿ, 987ರ ಶಾಸನ ಹೊತ್ತ ಆ ಆವರಣದಲ್ಲಿ, ಕಂಬಗಳ ಸಾಲಿನೊಳಗೆ ನಿಂತರೆ, ತಿರುಗಣೆಗೆ ಕೊಟ್ಟು ಕಡೆದ ಬಳೆಗಳ ಏರಿಳಿತದ ಮೇಲೆ ಬೆಳಕು ಎಲ್ಲಿಯೂ ಎಡವದೆ ಇಳಿಯುತ್ತದೆ. ಗ್ರಾನೈಟಿನಲ್ಲಿ ಈ ಸೂಕ್ಷ್ಮವನ್ನು ಬೇಡುವುದು ಅನ್ಯಾಯ. ಹಂಪೆಯ ಶಿಲ್ಪಿಗಳ ಗಾಂಭೀರ್ಯದಲ್ಲಿ ಅವರ ಕಲ್ಲಿನ ಒರಟುತನದ ಪಾಲೂ ಇದೆ. ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರಂತೂ ಬೇಲೂರಿನವರಿಗೆ ಅಕ್ಕಂದಿರು. 1068ರಲ್ಲಿ ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರನು ಜಲಸಮಾಧಿಯಾದುದು ಅದೇ ಕುರುವತ್ತಿಯ ತುಂಗಭದ್ರೆಯಲ್ಲಿ. ಬಳ್ಳಾರಿ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದಾಗ ಬ್ರೂಸ್ ಫುಟ್ಟನು ಇಲ್ಲಿಯ ಕಲ್ಲುಗಳ ಗ್ರಂಥವನ್ನು 1895ರಲ್ಲಿಯೂ, ಅಲೆಗ್ಸಾಂಡರ್ ರೀಯನು ದೇಗುಲಗಳ ಗ್ರಂಥವನ್ನು 1896ರಲ್ಲಿಯೂ ಹೊರತಂದರು. ಒಂದೇ ವಸ್ತುವಿನ ಎರಡು ಸಂಪುಟಗಳೆಂಬಂತೆ ನಾನು ಅವನ್ನು ಭಾವಿಸುತ್ತೇನೆ.

ಇನ್ನು ತಂದೆಯವರ ಸೀಮೆ. ಅಲ್ಲಿಯೂ ನೀರು ಕಲ್ಲನ್ನು ಬಿಟ್ಟಿಲ್ಲ. ಫಲ ಮಾತ್ರ ದೇಗುಲವಲ್ಲ. ಗ್ರಾನೈಟಿನ ಕರಿಯ ಕಾಗೆಬಂಗಾರದಲ್ಲಿಯೂ ಅಪಟೈಟ್ ಎಂಬ ಖನಿಜದಲ್ಲಿಯೂ ಅಡಗಿರುವ ಫ್ಲೋರಿನ್, ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಆಗಿ ಇಳಿಯುತ್ತದೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತಿತ್ತು. ಆದರೆ ಒಣಹವೆಯ ನಾಡಿನಲ್ಲಿ ಕ್ಯಾಲ್ಸಿಯಂ ಮೊದಲೇ ಸುಣ್ಣಕಲ್ಲಿನ ಗಂಟುಗಳಾಗಿ ಮಣ್ಣಿನಲ್ಲಿ ಉಳಿದುಬಿಡುವುದರಿಂದ, ಫ್ಲೋರೈಡಿಗೆ ತಡೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಕೂಡ್ಲಿಗಿ ಸೀಮೆಯ ಅನೇಕ ಕೊಳವೆಬಾವಿಗಳು ಮೀರಿವೆ. ಆಳಕ್ಕೆ ಕೊರೆದಷ್ಟೂ ಕಲ್ಲಿನೊಡನೆ ಹೆಚ್ಚು ಕಾಲ ಕಳೆದ ನೀರೇ ಸಿಕ್ಕುವ ಸಂಭವ. ನನ್ನ ಚಿಕ್ಕಪ್ಪನವರ ಮುಂದಿನ ಹಲ್ಲುಗಳ ಮೇಲಿನ ಕಂದು ಪಟ್ಟೆಗಳು ಎಲೆಯಡಿಕೆಯವಲ್ಲ. ಈಗ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಾಗಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಚಿಕ್ಕಪ್ಪನವರಿಗೆ ಅದು ಸೇರದು. "ಈ ನೀರಾಗ ಏನೂ ಇಲ್ಲಪ್ಪಾ, ಬರೇ ನೀರೈತಿ" ಎನ್ನುತ್ತಾರೆ. ಯಾವ ಪ್ರಯೋಗಶಾಲೆಯೂ ಇದಕ್ಕಿಂತ ನಿರ್ದುಷ್ಟವಾದ ಪ್ರಮಾಣಪತ್ರವನ್ನು ಕೊಡಲಾರದೆಂದು ನಾನೆಷ್ಟು ಹೇಳಿದರೂ, ಬೋರಿನ ನೀರಿನಲ್ಲಿ ಕುದಿಸಿದ ಚಹವೇ ಚಹವೆಂದು ಅವರು ಈಗಲೂ ವಾದಿಸುತ್ತಾರೆ.