ಒಲೆ ಹಚ್ಚುವ ಅಧಿಕಾರ

ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ತಾಯಂದಿರಿಗೆ ಮೊದಲ ತಿಂಗಳು ನಯಾಗರಾ, ಎರಡನೆಯ ತಿಂಗಳು ದೇವಸ್ಥಾನ, ಮೂರನೆಯ ತಿಂಗಳು ಕಿಟಕಿ. ನಾನು ಕಿಟಕಿಯ ಹಂತಕ್ಕೆ ಬಂದಿದ್ದೆ. ನ್ಯೂಯಾರ್ಕಿನ ಕ್ವೀನ್ಸ್, ರೀಗೊ ಪಾರ್ಕ್, ಮೇಲಿನ ಮಹಡಿ. ಕೆಳಗೆ ಓಡಾಡುವವರ ಕಪ್ಪು ಟೋಪಿಗಳಷ್ಟೇ ಕಾಣುತ್ತಿದ್ದವು. ಫ್ಲಶಿಂಗ್‌ನಲ್ಲಿ 1977ರಿಂದ ಗಣೇಶನ ಗುಡಿಯಿದೆ, ಅದರ ಕ್ಯಾಂಟೀನಿನ ದೋಸೆಗೆ ಊರೆಲ್ಲ ಹೆಸರಿದೆ. ಆದರೆ ದಿನಾ ದೋಸೆ ತಿನ್ನಲಾದೀತೆ?

“ಅತ್ತೆ, ಹತ್ತಿರದಲ್ಲೇ ಯಹೂದಿಗಳದ್ದೊಂದು ಅನ್ನಛತ್ರ ಇದೆ. ತರಕಾರಿ ಹೆಚ್ಚೋಕೆ ಜನ ಬೇಕಂತೆ, ಹೋಗ್ತೀರಾ?” ಎಂದಳು ಸೊಸೆ. ಮನೆಯಲ್ಲಂತೂ ನನಗೆ ಹೆಚ್ಚಲು ಏನೂ ಉಳಿದಿರಲಿಲ್ಲ. ಹುರುಳಿಕಾಯಿಯಿಂದ ಹಿಡಿದು ಕುಂಬಳದವರೆಗೆ ಎಲ್ಲವೂ ಹೆಚ್ಚಿಸಿಕೊಂಡೇ ಪ್ಯಾಕೆಟ್ಟಿನಲ್ಲಿ ಬರುತ್ತಿದ್ದವು.

ಇಂಥ ಅಡುಗೆಮನೆಗಳು ಆ ನಗರದಲ್ಲಿ ಹಲವು. 2005ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದ ಮಸ್ಬಿಯಾ ಅವುಗಳಲ್ಲಿ ಹೆಸರಾದದ್ದು: ಬಂದವರನ್ನು ಕೂರಿಸಿ ಮೇಜಿಗೇ ಬಡಿಸುತ್ತಿದ್ದ, ಗಲ್ಲಾಪೆಟ್ಟಿಗೆ ಒಂದನ್ನು ಬಿಟ್ಟು ಮಿಕ್ಕೆಲ್ಲ ಇದ್ದ ಹೋಟೆಲು. ನಾನು ಹೋದದ್ದೂ ಅದೇ ಜಾತಿಯ ಒಂದು ಸಣ್ಣ ಜಾಗ. ಅಲ್ಲಿನ ಮೇಲ್ವಿಚಾರಕ, ಅವರ ಭಾಷೆಯಲ್ಲಿ ಮಶ್ಗಿಯಾಖ್, ನನ್ನ ಮಗನಿಗಿಂತ ಚಿಕ್ಕವನು. ಗಡ್ಡ ಮಾತ್ರ ನಮ್ಮ ಮಾವನವರಷ್ಟು. “ಹೆಚ್ಚಿ, ಕಲಕಿ, ಉಪ್ಪು ಹಾಕಿ. ಒಲೆ ಮಾತ್ರ ನಾನೇ ಹಚ್ಚಬೇಕು” ಎಂದ.

ಕೋಶರ್ ಎಂಬ ಅವರ ಆಹಾರಶಾಸ್ತ್ರದ ನಿಯಮ ಅದು. ಅನ್ಯರು ಬೇಯಿಸಿದ್ದು ಶಾಸ್ತ್ರಕ್ಕೆ ಬರಬೇಕಾದರೆ ಬೆಂಕಿಯನ್ನಾದರೂ ಯಹೂದಿಯ ಕೈ ಹಚ್ಚಿರಬೇಕು. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ತೊಳೆಯುವ ಸಿಂಕೂ ಬೇರೆ. ಸೌಟುಗಳು ಬೆರೆಯದಿರಲೆಂದು ಕೆಂಪು ಪಟ್ಟಿ, ನೀಲಿ ಪಟ್ಟಿ. ಕೇಳುತ್ತಾ ಕೇಳುತ್ತಾ ನಾನು ಹೊಳೆನರಸೀಪುರ ತಲುಪಿಬಿಟ್ಟೆ. ಗಳದ ಮೇಲೆ ಕೋಲಿನಿಂದ ಹರವಿದ ಒದ್ದೆ ಸೀರೆಯ ಕೆಳಗೆ ತಲೆ ಬಗ್ಗಿಸಿ ಓಡುತ್ತಿದ್ದ ಮಕ್ಕಳು ನಾವು. ಅಡುಗೆಮನೆಯ ಹೊಸ್ತಿಲು ಮುಟ್ಟಿದರೆ ಒಳಗಿನಿಂದ ಅಜ್ಜಿಯ ದನಿ ಮೊದಲು ಬರುತ್ತಿತ್ತು, ಚಿಮಟ ಆಮೇಲೆ. ಆ ಅಜ್ಜಿಯ ಮೊಮ್ಮಗಳಾದ ನನಗೆ ಈಗ ಏಳು ಸಮುದ್ರ ದಾಟಿ ಬಂದ ಮೇಲೆ ಒಲೆ ಮುಟ್ಟುವ ಅಧಿಕಾರ ಇಲ್ಲ! ನಗು ತಡೆಯಲಾಗಲಿಲ್ಲ. ನಾನೂ ಬಿಡಲಿಲ್ಲ: “ನಾನು ಕೋಳಿ ಬೇಯುವ ಪಾತ್ರೆಯ ಹತ್ತಿರ ಬರೋದಿಲ್ಲ” ಎಂದೆ. ಅವನು ಯಾಕೆ ಎಂದು ಕೇಳಲಿಲ್ಲ. ಕಿಟಕಿಯ ಪಕ್ಕ ಬೇರೆ ಮಣೆ, ಬೇರೆ ಚಾಕು ಕೊಟ್ಟ. ಸಸ್ಯಾಹಾರವನ್ನು ಇಷ್ಟು ಕಡಿಮೆ ಮಾತಿನಲ್ಲಿ ಅರ್ಥ ಮಾಡಿಕೊಂಡ ಇನ್ನೊಬ್ಬ ಅಮೆರಿಕನ್ನನನ್ನು ನಾನು ಕಂಡಿಲ್ಲ.

ಸೊಪ್ಪು ನನ್ನ ಪಾಲಿಗೆ ಬಂತು. ಲೆಟ್ಯೂಸ್ ಎಲೆಗಳನ್ನು ಸೋಪಿನ ನೀರಿನಲ್ಲಿ ನೆನೆಸಿ, ತೊಳೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಹುಳ ಹೊಟ್ಟೆಗೆ ಹೋದರೆ ಧರ್ಮಲೋಪ. ನಮ್ಮಲ್ಲಿ ಇರುವೆ ನುಂಗಿದ ಮಕ್ಕಳಿಗೆ ಈಜು ಬರುತ್ತದೆ ಎಂದು ಸಮಾಧಾನ ಹೇಳುತ್ತಾರೆ ಅಂದೆ. ಆತ ಗಂಭೀರವಾಗಿ, “ಬರುತ್ತದೆಯೇ?” ಎಂದು ಕೇಳಿದ. ಒಮ್ಮೆ ನಾನು ಎಲೆಕೋಸು ಕಲಕುತ್ತಿದ್ದಾಗ ಬೆಂಕಿ ಆರಿತು. ಲೈಟರ್ ನನ್ನ ಕೈಯಳತೆಯಲ್ಲೇ ಇತ್ತು, ಆತ ಬೀದಿಯಲ್ಲಿ ಫೋನಿನಲ್ಲಿದ್ದ. ಅಡುಗೆ ಮಾಡಿ ಮಾಡಿ ಕೂದಲು ಹಣ್ಣಾದ ನಾಲ್ಕೈದು ಹೆಂಗಸರು ಸೌಟು ಹಿಡಿದು ಅವನ ದಾರಿ ಕಾಯ್ದೆವು. ಬಂದ, ಗುಂಡಿ ತಿರುಗಿಸಿದ, ಹೋದ.

ಊಟದ ಹೊತ್ತಿಗೆ ಬರುವವರನ್ನು ನೋಡುತ್ತಿದ್ದೆ. ರಷ್ಯನ್ ಮಾತಾಡುವ ಮುದುಕರು, ಕೊರೋನಾ ಬಡಾವಣೆಯಿಂದ ಮಕ್ಕಳ ಜೊತೆ ಬರುವ ಸ್ಪ್ಯಾನಿಷ್ ನುಡಿಯ ತಾಯಂದಿರು, ಕೋಶರ್ ಮಾಂಸವಾದರೆ ಅಡ್ಡಿಯಿಲ್ಲ ಎನ್ನುವ ಒಬ್ಬ ಬಾಂಗ್ಲಾದೇಶಿ ಟ್ಯಾಕ್ಸಿ ಚಾಲಕ. ಯಾರು, ಏನು ಎಂದು ಯಾರೂ ಕೇಳುವುದಿಲ್ಲ. ಆಗ ಹೊಳೆಯಿತು: ಇಷ್ಟೆಲ್ಲ ಕಟ್ಟುಪಾಡು, ಇದ್ದುದರಲ್ಲಿ ಅತಿ ಮಡಿವಂತನೂ ಬಂದು ಕೂರಲಿ ಎಂದು. ಅವನು ಕೂತರೆ ಯಾರು ಬೇಕಾದರೂ ಕೂರಬಹುದು. ನಮ್ಮಜ್ಜಿಯ ಮಡಿಯ ಲೆಕ್ಕ ತಿರುಗುಮುರುಗು. ಯಾರು ಒಳಗೆ, ಯಾರು ಜಗಲಿಯಲ್ಲಿ, ಯಾರು ಹಿತ್ತಲಲ್ಲಿ ಎಂಬುದನ್ನು ಅದು ಹೇಳುತ್ತಿತ್ತು. ಕೊಟ್ಟಿಗೆ ಬಳಿಯುತ್ತಿದ್ದವಳು ನುಗ್ಗೆಮರದ ಕೆಳಗೆ ಎಲೆ ಹಾಸಿಕೊಂಡು ಕೂರುತ್ತಿದ್ದಳು. ಅಜ್ಜಿ ಎತ್ತರದಿಂದಲೇ ಸಾರು ಹೊಯ್ಯುತ್ತಿದ್ದರು, ಒಂದು ಹನಿಯೂ ಆಚೆ ಚೆಲ್ಲದಂತೆ. ಆ ಕೈಚಳಕವನ್ನು ನಾನು ಬಹಳ ಕಾಲ ಮೆಚ್ಚಿಕೊಂಡಿದ್ದೆ. ಸಾರು ತುಂಬ ಚೆನ್ನಾಗಿರುತ್ತಿತ್ತು, ಅದೇ ಕಷ್ಟ.

1204ರಲ್ಲಿ ತೀರಿಕೊಂಡ ಮೈಮೊನಿಡೀಸ್ ಎಂಬ ಅವರ ಪಂಡಿತ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಗೊಣಗುತ್ತಾ ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗೊತ್ತಿಲ್ಲದಿರುವುದು ಮೇಲಿನಿಂದ ಎರಡನೆಯದು. ಇನ್ನೊಮ್ಮೆ ಕೈ ಚಾಚಬೇಕಿಲ್ಲದಂತೆ ಕಾಲ ಮೇಲೆ ನಿಲ್ಲಿಸುವುದು ತುದಿ. ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ಹೆಚ್ಚು ದಾನಿಗಳ ಹೆಸರಿರುವ ನಾಡಿನಿಂದ ಹೋದ ನನಗೆ ತಲೆ ತಗ್ಗಬೇಕಿತ್ತು. ತಗ್ಗಿಸುವಷ್ಟರಲ್ಲಿ ಆ ಕಟ್ಟಡದ ಗೋಡೆ ಕಂಡಿತು: ಹಿತ್ತಾಳೆ ಫಲಕಗಳು, ಸಾಲಾಗಿ, ಇಂಥವರ ಸ್ಮರಣಾರ್ಥ ಇಂಥ ದಂಪತಿಗಳಿಂದ. ತಲೆ ಎತ್ತಿಕೊಂಡೆ.

ಮನೆಯಿಂದ ಹೊರಡಲಾಗದ ವೃದ್ಧರಿಗೆ ಊಟದ ಡಬ್ಬಿ ತಲುಪಿಸುವುದೂ ಇತ್ತು, ಹುಡುಗರ ಕಾರಿನಲ್ಲಿ. ಬುಖಾರನ್ ಬ್ರಾಡ್‌ವೇ ಎಂದು ಕರೆಸಿಕೊಳ್ಳುವ 108ನೆಯ ಬೀದಿಯ ಬಳಿ, ಸೋವಿಯತ್ ಒಕ್ಕೂಟ ಮುರಿದ ಮೇಲೆ ತಾಷ್ಕೆಂಟಿನಿಂದ ಬಂದ, ಮಧ್ಯ ಏಷ್ಯಾದ ಬುಖಾರನ್ ಯಹೂದಿ ಪಂಗಡದ ಒಬ್ಬ ಅಜ್ಜಿ. ‘ಇಂಡಿಯಾ’ ಎಂದದ್ದೇ ತಡ, ರಾಜ್ ಕಪೂರ್ ಎಂದು ಎದೆ ಮುಟ್ಟಿಕೊಂಡಳು. ಪಾಸೋವರ್ ಹಬ್ಬ ಹತ್ತಿರವಿತ್ತು. ಎಂಟು ದಿನ ಹುಳಿಬಂದ ಧಾನ್ಯದ ಸುಳಿವೂ ಮನೆಯಲ್ಲಿ ಇರಕೂಡದು. ಯುರೋಪಿನ ಯಹೂದಿಗಳಲ್ಲಿ ಹೆಚ್ಚಿನವರು ಆಗ ಅಕ್ಕಿಯನ್ನೂ ಬಿಡುತ್ತಾರೆ. ಈ ಮನೆಯ ಪದ್ಧತಿಯಲ್ಲಿ ಅಕ್ಕಿ ಆದೀತು, ಆದರೆ ಗೋಧಿಕಾಳು ಉಳಿಯದಂತೆ ಮೂರು ಸಲ ಆರಿಸಬೇಕು. ಅವಳ ಕಣ್ಣಿಗೆ ಪೊರೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅಕ್ಕಿ ಸುರಿದಿದ್ದಳು. ಡಬ್ಬಿ ಕೆಳಗಿಟ್ಟು ನಾನೂ ಕೂತೆ. ಬೆರಳುಗಳಿಗೆ ಮರೆತಿರಲಿಲ್ಲ: ಇಷ್ಟಿಷ್ಟೇ ಹರಡು, ನೋಡು, ಆಚೆ ದೂಡು.

ಅವಳ ಮೊಮ್ಮಗಳು ಫೋನಿನಿಂದ ತಲೆಯೆತ್ತದೆ ನಮ್ಮಿಬ್ಬರಿಗೂ ದುಭಾಷಿಯಾದಳು. ಮಾತು 1966ಕ್ಕೆ ಹೋಯಿತು. ಜನವರಿಯಲ್ಲಿ ಪ್ರಧಾನಿ ಶಾಸ್ತ್ರೀಜಿ ಇವಳ ಊರಾದ ತಾಷ್ಕೆಂಟಿನಲ್ಲಿ ತೀರಿಕೊಂಡಾಗ ನನಗೆ ಎಂಟು ವರ್ಷ. ಶಾಲೆಗೆ ರಜೆ ಸಿಕ್ಕಿತೆಂದು ಕುಣಿದು ಅಪ್ಪನಿಂದ ಏಟು ತಿಂದಿದ್ದೆ. ಅವಳು ಆಗ ಹೊಸ ಮದುವಣಗಿತ್ತಿ, ಚಳಿಯಲ್ಲಿ ರಸ್ತೆ ಬದಿ ನಿಂತಿದ್ದಳಂತೆ. ಆಮೇಲೆ ಏಪ್ರಿಲ್‌ನಲ್ಲಿ ಭೂಕಂಪ. ಅತ್ತೆಮನೆಯ ಗೋಡೆ ಬಿತ್ತು, ಅತ್ತೆ ಮಾತ್ರ ಅಲುಗಾಡಲಿಲ್ಲ ಎಂದಳು. ನಗುತ್ತಾ ನಗುತ್ತಾ ಅಕ್ಕಿ ದೂಡಿದೆವು. ಕೆಳಗಿನಿಂದ ಕಾರಿನ ಹಾರ್ನು ಕೇಳಿತು. ಆಗ ಅವಳು ಕೈ ನಿಲ್ಲಿಸಿ, ಇದು ಎರಡನೆಯ ಸಲವೋ ಮೂರನೆಯದೋ ಎಂದು ನನ್ನನ್ನೇ ಕೇಳಿದಳು. ನಾನು ಮೊಮ್ಮಗಳ ಕಡೆ ನೋಡಿದೆ, ಮೊಮ್ಮಗಳು ಫೋನು ನೋಡಿದಳು. ಮುದುಕಿ ಅಷ್ಟೂ ಅಕ್ಕಿಯನ್ನು ಎರಡೂ ಕೈಯಲ್ಲಿ ಬಾಚಿ, ಒಟ್ಟುಗೂಡಿಸಿ, ಮೊದಲಿನಿಂದ ಶುರು ಮಾಡಿದಳು.