ಮಂಚ ಸಿಗದವರ ಚಿಕಿತ್ಸೆ

ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ನಿಶ್ಚಿಂತೆಯ ವಿಶ್ರಾಂತಿ: ಕ್ಷಯರೋಗಿಗೆ ಇವಿಷ್ಟು ದೊರೆತರೆ ಅರ್ಧ ಗುಣವಾದಂತೆಯೇ ಎಂದು ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು, ರೋಗಿಯ ಬಂಧುಗಳೂ ನಂಬಿದ್ದರು. ಊರಿನ ಗದ್ದಲಕ್ಕೆ ದೂರವಾಗಿ ಸ್ಯಾನಿಟೋರಿಯಂಗಳು ತಲೆಯೆತ್ತಿದ್ದು ಈ ನಂಬಿಕೆಯಿಂದಲೇ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿದ ಸ್ಯಾನಿಟೋರಿಯಂ ಹಳಬರಿಗೆ ಚಿರಪರಿಚಿತ. ಆದರೆ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ ಇದ್ದರು. ಮಂಚಗಳಿದ್ದುದು ಸಾವಿರಗಳ ಲೆಕ್ಕದಲ್ಲಿ. ಮಂಚ ಸಿಗದ ಬಡವನು ಮನೆಗೆ ಮರಳಿ, ಇದ್ದೊಂದು ಕೋಣೆಯಲ್ಲಿ ಹೆಂಡಿರು ಮಕ್ಕಳ ನಡುವೆಯೇ ಕೆಮ್ಮುತ್ತ ಮಲಗಬೇಕಾಗಿತ್ತು.

1952ರಲ್ಲಿ ಐಸೋನಿಯಜಿಡ್ ಎಂಬ ಅಗ್ಗದ ಔಷಧ ಬಳಕೆಗೆ ಬಂದಿತು. ಅದರೊಡನೆಯೇ ಒಂದು ಪ್ರಶ್ನೆಯೂ ಹುಟ್ಟಿತು. ರೋಗವನ್ನು ಗೆಲ್ಲುವುದು ಗುಳಿಗೆಯೋ, ಮಂಚವೋ? ಗುಳಿಗೆಯೇ ಆದರೆ ಅದನ್ನು ಗುಡಿಸಲಿನಲ್ಲಿ ಕುಳಿತು ನುಂಗಿದರೂ ಸಾಲದೆ?

ಇದಕ್ಕೆ ಉತ್ತರ ಹುಡುಕುವ ಕಾರ್ಯ 1956ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ಅಲ್ಲಿ ಒಂದು ಕೇಂದ್ರವನ್ನು ತೆರೆದವು. ಡಾಕ್ಟರ್ ವಾಲೇಸ್ ಫಾಕ್ಸ್ ಅವರು ಅದರ ನೇತೃತ್ವ ವಹಿಸಿದರು. 193 ಮಂದಿ ಬಡ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಸ್ಯಾನಿಟೋರಿಯಂ, ಇನ್ನೊಂದಕ್ಕೆ ಅವರವರ ಮನೆ. ಔಷಧ ಇಬ್ಬರಿಗೂ ಒಂದೇ. ಅವಧಿ ಒಂದು ವರ್ಷ. ಯಾರು ಎಲ್ಲಿಗೆ ಎಂಬುದನ್ನು ಚೀಟಿ ಎತ್ತಿದಂತೆ ಕೇವಲ ಆಕಸ್ಮಿಕಕ್ಕೆ ಬಿಡಲಾಯಿತು.

ಓದುಗರ ಮನಸ್ಸು ಇಲ್ಲಿ ಅಳುಕುವುದು ಸಹಜ. ಮನುಷ್ಯನ ಪ್ರಾಣವನ್ನು ಚೀಟಿಗೆ ಒಪ್ಪಿಸುವುದುಂಟೆ? ಆದರೆ ವೈದ್ಯನೇ ಆರಿಸತೊಡಗಿದರೆ ತನಗರಿವಿಲ್ಲದೆಯೇ ಹೆಚ್ಚು ನಿತ್ರಾಣರಾದವರನ್ನು ಒಂದು ಕಡೆಗೂ ಗಟ್ಟಿಮುಟ್ಟಾದವರನ್ನು ಇನ್ನೊಂದು ಕಡೆಗೂ ಕಳುಹಿಸಿಬಿಡಬಹುದು. ಆಗ ಕೊನೆಗೆ ದೊರೆಯುವ ಫಲ ಚಿಕಿತ್ಸೆಯದೋ, ರೋಗಿಯ ಮೈಕಟ್ಟಿನದೋ ಹೇಳುವವರು ಯಾರು? ಯಾವುದು ಮೇಲೆಂದು ನಿಜವಾಗಿಯೂ ಯಾರಿಗೂ ತಿಳಿಯದಿದ್ದಾಗ, ಆಕಸ್ಮಿಕವೇ ನಿಷ್ಪಕ್ಷಪಾತವಾದ ನ್ಯಾಯಾಧೀಶ.

1959ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ವರ್ಷಾಂತ್ಯಕ್ಕೆ ಸ್ಯಾನಿಟೋರಿಯಂನವರಲ್ಲಿ ನೂರಕ್ಕೆ 92 ಮಂದಿಯಲ್ಲಿಯೂ, ಮನೆಯಲ್ಲಿದ್ದವರಲ್ಲಿ ನೂರಕ್ಕೆ 86 ಮಂದಿಯಲ್ಲಿಯೂ ರೋಗ ಶಮನವಾಗಿತ್ತು. ಒಳ್ಳೆಯ ಊಟ ಉಂಡವರ ಮೈತೂಕವೇನೋ ಹೆಚ್ಚು ಏರಿತ್ತು. ಆದರೆ ಮನೆಯ ಗಂಜಿಯನ್ನುಂಡವರನ್ನೂ ಔಷಧ ಕೈಬಿಟ್ಟಿರಲಿಲ್ಲ. ಎಲ್ಲರೂ ಹೆದರಿದ್ದ ಇನ್ನೊಂದು ಮಾತೂ ನಿಜವಾಗಲಿಲ್ಲ. ಮನೆಯಲ್ಲಿಯೇ ಚಿಕಿತ್ಸೆ ಪಡೆದವರ ಹೆಂಡಿರು ಮಕ್ಕಳಿಗೆ ಅದರಿಂದಾಗಿ ರೋಗ ಹೆಚ್ಚಾಗಿ ತಗಲಿರಲಿಲ್ಲ.

ಹಾಗೆಂದು ರೋಗಿಯ ಕೈಗೆ ಪೊಟ್ಟಣವನ್ನಿತ್ತು ಕೈತೊಳೆದುಕೊಂಡವರಲ್ಲ ಅವರು. ಕೇಂದ್ರದ ಸಿಬ್ಬಂದಿ ಮುನ್ಸೂಚನೆ ಕೊಡದೆ ಮನೆಬಾಗಿಲಿಗೆ ಹೋಗಿ ಗುಳಿಗೆಗಳನ್ನು ಎಣಿಸಿ ನೋಡುತ್ತಿದ್ದರು. ಮೂತ್ರವನ್ನು ಪರೀಕ್ಷಿಸಿ ಔಷಧ ಒಳಹೋಗಿದೆಯೇ ಎಂದು ತಿಳಿಯುತ್ತಿದ್ದರು. ಕೆಮ್ಮು ನಿಂತೊಡನೆ ಔಷಧವನ್ನು ಮರೆಯುವುದು ಮನುಷ್ಯಸ್ವಭಾವ. ಆ ಮರೆವಿನ ಬೆನ್ನುಹತ್ತುವ ತಾಳ್ಮೆಯೂ ಚಿಕಿತ್ಸೆಯ ಒಂದು ಭಾಗವೇ ಆಗಿತ್ತು.

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮನೆಯ ಚಿಕಿತ್ಸೆಯನ್ನೇ ಆಧಾರವಾಗಿಟ್ಟುಕೊಂಡು ದೇಶಕ್ಕೆಲ್ಲ ಒಂದು ಯೋಜನೆಯನ್ನು ರೂಪಿಸಿತು. 1962ರಲ್ಲಿ ಅದು ಜಾರಿಗೆ ಬಂದಿತು. ಇಂದು ಔಷಧಗಳು ಬದಲಾಗಿವೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕಾಗಿದೆ. ಬಹುಮಂದಿ ರೋಗಿಗಳು ಮನೆಯಲ್ಲಿದ್ದೇ ಗುಣಹೊಂದುತ್ತಾರೆ. ಈ ಭಾಗ್ಯದ ಹಿಂದೆ ಫಾಕ್ಸರಂಥ ವೈದ್ಯರ ಹೆಸರು ಉಳಿದಿದೆ. ತಮ್ಮ ಪಾಲಿಗೆ ಮನೆ ಬರುವುದೋ ಮಂಚ ಬರುವುದೋ ಎಂಬುದನ್ನರಿಯದೆಯೇ ಪರೀಕ್ಷೆಗೆ ಒಳಗಾದ ಆ 193 ಬಡವರ ಹೆಸರುಗಳು ಮಾತ್ರ ಯಾರ ನಾಲಗೆಯ ಮೇಲೂ ಇಲ್ಲ. ಗುಣಹೊಂದಿದ ಪ್ರತಿಯೊಂದು ಮನೆಯೂ ಅವರಿಗೆ ಋಣಿ.