ಕಲೆ ಕಾಣದ ಸೀರೆ

ಮದುವೆಮನೆಯಲ್ಲಿ ಬಡಿಸುವವರು ಯಾರು, ಬಡಿಸಿಕೊಳ್ಳುವವರು ಯಾರು ಎಂದು ದೂರದಿಂದಲೇ ತಿಳಿಯಬೇಕಾದರೆ ಸೀರೆ ನೋಡಿದರೆ ಸಾಕು. ಕುರ್ಚಿ ಬಿಟ್ಟು ಏಳದವರ ಮೈಮೇಲೆ ಒಂದೇ ಬಣ್ಣ. ಇಡೀ ಗಿಳಿಹಸಿರು ಇಲ್ಲವೇ ಇಡೀ ಕೆನೆಬಣ್ಣ, ಕೆಳಗೊಂದು ಜರಿ ದಡಿ. ಸೌಟು ಹಿಡಿದು ಓಡಾಡುವವರ ಮೈಮೇಲೆ ಹೂವು, ಬಳ್ಳಿ, ಚೌಕಡಿ, ಚುಕ್ಕಿ, ಏನಾದರೊಂದು ಗದ್ದಲ. ಇದೆಲ್ಲ ಅಭಿರುಚಿಯ ಮಾತು ಎಂದು ಪತ್ರಿಕೆಗಳ ಫ್ಯಾಷನ್ ಪುಟಗಳು ಬರೆಯುತ್ತವೆ. ದಪ್ಪಗಿರುವವರು ದೊಡ್ಡ ಹೂವು ಉಡಬಾರದು, ಕುಳ್ಳಗಿರುವವರು ಅಡ್ಡಪಟ್ಟೆ ಉಡಬಾರದು ಎಂದು ಬುದ್ಧಿ ಬೇರೆ ಹೇಳುತ್ತವೆ. ಹೀಗೆ ಕಂಡವರ ಮೈಯ ಅಳತೆ ಹಿಡಿಯುವವರು ಮುಖ್ಯವಾದ ಪ್ರಶ್ನೆಯನ್ನೇ ಕೇಳುವುದಿಲ್ಲ: ಆ ಸೀರೆ ಒಗೆಯುವವರು ಯಾರು?

ನಾನು ಈ ಪ್ರಶ್ನೆ ಕಲಿತದ್ದು ಮರಿಕಲ್‌ನಲ್ಲಿ, ಅವ್ವನ ಹತ್ತಿರ. ಮೆಹಬೂಬನಗರದಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ಮಕ್ತಲ್ ಮುಟ್ಟುವ ಮುಂಚೆ ಸಿಗುವ ಊರು ಇದು. ಇಲ್ಲಿ ಒಂದು ಕಡೆ ತಿರುಗಿದರೆ ನಾರಾಯಣಪೇಟೆ. ಇನ್ನೊಂದು ಕಡೆ ತಿರುಗಿ, ಆತ್ಮಕೂರು ಹಾಯ್ದು, ಜುರಾಲಾ ಅಣೆಕಟ್ಟಿನ ಮೇಲೆ ಕೃಷ್ಣೆ ದಾಟಿದರೆ ಗದ್ವಾಲ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಬಟ್ಟೆ ಅಂಗಡಿಯಲ್ಲಿ ಅರ್ಧ ಉರ್ದು; ಬೀಗತನವೆಲ್ಲ ರಾಯಚೂರು, ಯಾದಗಿರಿ ಕಡೆ. ನಾರಾಯಣಪೇಟೆ, ಗದ್ವಾಲ್ ಎರಡೂ ಊರಿನ ಸೀರೆಗಳಿಗೆ ಈಗ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ. ಮುದ್ರೆ ಬೀಳುವ ಎಷ್ಟೋ ಮುಂಚೆಯೇ ನಮ್ಮ ಮನೆಯಲ್ಲಿ ಅವುಗಳ ಜಾಗ ಗೊತ್ತಾಗಿತ್ತು. ನಾರಾಯಣಪೇಟೆಯವು ಹಿತ್ತಲಿನ ಹಗ್ಗದ ಮೇಲೆ, ಗದ್ವಾಲಿನವು ಟ್ರಂಕಿನ ಒಳಗೆ.

ಅವ್ವನ ದಿನದ ಸೀರೆ ನಾರಾಯಣಪೇಟೆಯ ನೂಲಿನದು. ಕಂದು ಮೈ, ಅದರ ಮೇಲೆ ಹಳದಿ ಎಳೆಗಳ ಚೌಕಡಿ, ಅಡಿಗೆ ಕಡುಗೆಂಪು ದಡಿ, ದಡಿಯ ಅಂಚಿನಲ್ಲಿ ಗುಡಿಯ ಗೋಪುರಗಳ ಸಾಲು, ಸೆರಗಿನಲ್ಲಿ ಕೆಂಪು-ಬಿಳಿ ಪಟ್ಟೆ. ಉಟ್ಟು ಉಟ್ಟು ಹಳದಿ ಮಾಸಿ ಕಂದಿನೊಳಗೆ ಸೇರಿಕೊಂಡರೂ ಚೌಕಡಿ ಮಾತ್ರ ಹೋಗುತ್ತಿರಲಿಲ್ಲ. ಹೋಗುವುದಾದರೂ ಹೇಗೆ, ಅಚ್ಚು ಒತ್ತಿದ್ದಲ್ಲವಲ್ಲ! ಹಾಸಿನಲ್ಲಿ ಇಷ್ಟು ಎಳೆ ಕಂದು, ಇಷ್ಟು ಎಳೆ ಹಳದಿ ಎಂದು ಎಣಿಸಿ ಹಚ್ಚಿ, ಹೊಕ್ಕಿನಲ್ಲೂ ಅದೇ ಲೆಕ್ಕಕ್ಕೆ ಲಾಳಿ ಬದಲಿಸುತ್ತ ಹೋದರೆ ಎರಡೂ ಕೂಡಿದಲ್ಲಿ ಚೌಕ ಮೂಡುತ್ತದೆ. ಹಾಸಿನ ಲೆಕ್ಕ ಒಮ್ಮೆ ಕೂತರೆ ಕೂತಿತು. ಹೊಕ್ಕಿನ ಲೆಕ್ಕವನ್ನು ಮಾತ್ರ ಬೆರಳಗಲಕ್ಕೊಮ್ಮೆ ನೆನಪಿಟ್ಟುಕೊಳ್ಳಬೇಕು. ನಡುವೆ ಯಾರಾದರೂ ಮಾತಿಗೆ ಎಳೆದರೆ ಚೌಕ ಉದ್ದವಾಯಿತೆಂದೇ ತಿಳಿಯಿರಿ. ನಾರಾಯಣಪೇಟೆಯ ಮಗ್ಗಕ್ಕೆ ಒಂದೇ ಸಲಕ್ಕೆ ಎಂಟು ಸೀರೆಗಾಗುವಷ್ಟು ಹಾಸು ಏರಿಸುವ ರೂಢಿ. ಅಂದರೆ ನೀವು ಉಟ್ಟ ಸೀರೆಗೆ ಏಳು ಜನ ಅಕ್ಕತಂಗಿಯರು ಎಲ್ಲೋ ಓಡಾಡಿಕೊಂಡಿರುತ್ತಾರೆ. ಮಕ್ತಲ್ ಸಂತೆಯಲ್ಲಿ ಒಮ್ಮೆ ಅವ್ವನ ಸೀರೆಗೆ ಅಂಥ ತಂಗಿಯೊಬ್ಬಳು ಎದುರಾದಳು. ಗುರುತು ಪರಿಚಯ ಇಲ್ಲದ ಇಬ್ಬರೂ ನಿಂತು ಮೊದಲು ಕೇಳಿದ್ದು ಬೆಲೆ. ಆಕೆ ಕಡಿಮೆ ಕೊಟ್ಟಿದ್ದಳು. ಅವ್ವ ಮನೆ ಮುಟ್ಟುವವರೆಗೂ ಅಂಗಡಿಯವನನ್ನು ಬೈದದ್ದೇ ಬೈದದ್ದು.

ಚೌಕಡಿಯ ಬಗ್ಗೆ ಅವ್ವನ ಸಿದ್ಧಾಂತ ಚಿಕ್ಕದು: “ಒಂದ್ ಹನಿ ಸಾರು ಬಿದ್ರ ಸಾಕು, ಸಾದಾ ಸೀರಿ ಊರಿಗೆಲ್ಲಾ ಸಾರ್ತದ.” ಹೊಲದ ಕೆಮ್ಮಣ್ಣು, ಒಲೆಯ ಮಸಿ, ಹುಣಸೆಹುಳಿ, ಅರಿಶಿನ, ಕೂಸಿನ ಮೂಗು — ಇವನ್ನೆಲ್ಲ ಒಂದು ದಿನದ ಮಟ್ಟಿಗೆ ನುಂಗಿಕೊಂಡು ಸುಮ್ಮನಿರುವ ಸೀರೆ ಅವಳಿಗೆ ಬೇಕಾಗಿತ್ತು. ಮುಳ್ಳುಬೇಲಿಗೆ ಸಿಕ್ಕಿ ಹರಿದರೆ ಹಳದಿ ದಾರ ಪೋಣಿಸಿ ಗೆರೆಗುಂಟ ಹೊಲಿದುಬಿಡುತ್ತಿದ್ದಳು. ಹೊಲಿಗೆಯೂ ಚೌಕಡಿಯ ಒಂದು ಗೆರೆಯಾಗಿ ಕೂತುಬಿಡುತ್ತಿತ್ತು. ಸಾದಾ ಬಟ್ಟೆಗೆ ತೇಪೆ ಹಾಕಿ ನೋಡಿ, ಊರ ಕಣ್ಣೆಲ್ಲ ಅಲ್ಲಿಗೇ ಹೋಗುತ್ತದೆ. ಗಂಡಸರ ವಿಷಯಕ್ಕೆ ಬಂದರೆ ಈ ಸಿದ್ಧಾಂತ ಇನ್ನೂ ನಿಚ್ಚಳ. ದುಡಿಯುವವನ ಲುಂಗಿ ಚೌಕಡಿ, ಹೆಗಲ ಮೇಲಿನ ಟವೆಲ್ಲೂ ಚೌಕಡಿ. ಮಂಚದ ಮೇಲೆ ಕೂತು ಪಂಚಾಯ್ತಿ ಮಾಡುವವನ ಧೋತರ ಮಲ್ಲಿಗೆ ಬಿಳಿ. ನಮ್ಮ ಭಾಗದ ಮುಖಂಡರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಧೂಳಿನೂರಿಗೆ ಬಂದಿಳಿಯುವುದನ್ನು ನೋಡಿದಾಗ ಇವರನ್ನು ಸರಳ ಎಂದು ಯಾಕೆ ಕರೆಯುತ್ತಾರೋ ಎನ್ನಿಸುತ್ತದೆ. ಇಡೀ ಊರಿನಲ್ಲಿ ಒಗೆಯಲು ಅತಿ ದುಬಾರಿ ಬಟ್ಟೆ ಅದು.

ನಾರಾಯಣಪೇಟೆಗೆ ನೇಕಾರಿಕೆ ಬಂದದ್ದು ಹೇಗೆಂದು ಕೇಳಿದರೆ ಜನ ಶಿವಾಜಿ ಮಹಾರಾಜರ ಹೆಸರು ಹೇಳುತ್ತಾರೆ. ದಂಡಿನೊಡನೆ ಬಂದು ಇಲ್ಲಿ ತಂಗಿದ್ದರಂತೆ. ದಂಡು ಮುಂದೆ ಹೋದಾಗ ಜೊತೆಗಿದ್ದ ನೇಕಾರರು ಕೆಲವರು ಇಲ್ಲಿಯೇ ನಿಂತರಂತೆ. ಅಚ್ಚಾದ ಬರಹಗಳಲ್ಲಿ 1630 ಎಂದು ಇಸವಿಯನ್ನೂ ಕೊಟ್ಟಿರುತ್ತಾರೆ. 1630ರಲ್ಲಿ ಶಿವಾಜಿ ಶಿವನೇರಿ ಕೋಟೆಯ ತೊಟ್ಟಿಲಲ್ಲಿದ್ದರು! ಅವರು ಗೋಲ್ಕೊಂಡಕ್ಕೆ ಬಂದು, ಅಲ್ಲಿಂದ ದಕ್ಷಿಣಕ್ಕೆ ದಂಡೆತ್ತಿ ಹೋದದ್ದು 1677ರಲ್ಲಿ. ಕತೆಯಲ್ಲಿ ಹುರುಳಿದ್ದರೆ ಅದು ಆಗಿನದ್ದಿರಬೇಕು. ಇಸವಿ ಏನಾದರೂ ಇರಲಿ, ಊರಿನಲ್ಲಿ ಮರಾಠಿ ಮಾತಾಡುವ ನೇಕಾರರ ಮನೆಗಳಿವೆ, ಸೀರೆಗೆ ಮಹಾರಾಷ್ಟ್ರದಲ್ಲಿ ಇವತ್ತಿಗೂ ಗಿರಾಕಿ ಇದೆ. ಪುಣೆಯಲ್ಲಿಯೂ ಒಂದು ನಾರಾಯಣ ಪೇಠ್ ಇದೆ. ಸೀರೆ ಅಲ್ಲಿಯದೇ ಎಂದು ಹಟ ಹಿಡಿದ ಅತ್ತೆಯ ಜೊತೆ, ಪುಣೆಗೆ ಕೊಟ್ಟ ನಮ್ಮ ಸೋದರಮಾವನ ಮಗಳು ವಾದ ಮಾಡಿ ಗೆದ್ದಳು. ಗೆದ್ದ ತಪ್ಪಿಗೆ ಈಗ ತವರಿಗೆ ಬಂದಾಗಲೆಲ್ಲ ಅತ್ತೆ, ನಾದಿನಿ, ಅವರ ಬೀಗರು ಎಲ್ಲರಿಗೂ ಇಲ್ಲಿಂದ ಸೀರೆ ಹೊರುತ್ತಾಳೆ.

ಗದ್ವಾಲಿನ ದಾರಿ ಬೇರೆ. ಅದು ಸಂಸ್ಥಾನದ ಊರು. ಸೋಮಭೂಪಾಲನ ಕೋಟೆ, ಕೋಟೆಯೊಳಗೆ ಚೆನ್ನಕೇಶವನ ಗುಡಿ. 1956ರ ರಾಜ್ಯ ವಿಂಗಡಣೆಯವರೆಗೆ ಗದ್ವಾಲ್, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಅವೆರಡು ಆಂಧ್ರಕ್ಕೆ ಹೋದವು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ರಾಯಚೂರಿನ ಹಳೆಯ ಮನೆಗಳಲ್ಲಿ ಗದ್ವಾಲ್ ಸೀರೆಯನ್ನು ಪರಊರಿನದ್ದೆಂದು ಈಗಲೂ ಯಾರೂ ಎಣಿಸುವುದಿಲ್ಲ. ಹಳೆ ಮಾದರಿಯದಕ್ಕೆ ಮೈ ನೂಲು, ದಡಿ-ಸೆರಗು ರೇಷ್ಮೆ; ಮೈಗೊಂದು ಬಣ್ಣ, ದಡಿಗೊಂದು ಬಣ್ಣ. ಒಂದರ ಬಣ್ಣ ಇನ್ನೊಂದರೊಳಗೆ ಹಣಿಕಿ ಹಾಕುವುದಿಲ್ಲ. ಒಂದೇ ಲಾಳಿ ಈ ದಡಿಯಿಂದ ಆ ದಡಿಗೆ ಓಡಿದರೆ ಮೈಯ ಬಣ್ಣ ದಡಿಯಲ್ಲೂ ನುಸುಳುವುದು ತಪ್ಪದು. ಅದಕ್ಕೇ ಇಲ್ಲಿ ಮೂರು ಲಾಳಿ, ಎರಡು ದಡಿಗೆ ಎರಡು, ನಡುವಿನ ಮೈಗೆ ಒಂದು. ಮೈಯ ಹೊಕ್ಕು ದಡಿಯ ಹೊಕ್ಕಿಗೆ ಕೊಂಡಿ ಹಾಕಿಕೊಂಡು ಹಿಂದಿರುಗಬೇಕು, ಅದೂ ಎಳೆ ಎಳೆಗೂ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕುಣಿಮಗ್ಗದ ಮಗ್ಗುಲಿಗೆ ಹೆಂಡತಿಯೋ ಮಗನೋ ಕೂತಿರಬೇಕು. ಈ ಕೊಂಡಿ ನೇಯ್ಗೆಗೆ ಕುಪ್ಪಡಂ ಎನ್ನುತ್ತಾರೆ.

ನಡುವಿನ ಸಾದಾ ಮೈ ನೇಯುವುದೇನು ಮಹಾ ಎನ್ನುವವರು ಮಗ್ಗದ ಮುಂದೆ ಕೂತವರಲ್ಲ. ಹಲಗೆಯ ಹೊಡೆತ ಒಂದು ಸಲ ಜೋರಾಗಿ, ಒಂದು ಸಲ ಮೆತ್ತಗಾಗಿ ಬಿದ್ದರೆ ಬಟ್ಟೆಯಲ್ಲಿ ಅಡ್ಡಗೆರೆ ಏಳುತ್ತದೆ. ಬಣ್ಣ ಹಾಕುವಾಗ ಒಂದು ಕಟ್ಟು ನೂಲು ತುಸು ಗಾಢವಾದರೂ ಅದೇ ಗತಿ. ಚೌಕಡಿಯಲ್ಲಾದರೆ ಇವೆಲ್ಲ ಅಡಗುತ್ತವೆ. ಸಾದಾದಲ್ಲಿ ಬಚ್ಚಿಡಲು ಜಾಗವಿಲ್ಲ. ನೇಯುವವನಿಗೂ ಉಡುವವಳಿಗೂ ಒಂದೇ ಫಜೀತಿ. (ಗದ್ವಾಲಿನಲ್ಲಿ ಚೌಕಡಿಯನ್ನೂ ನೇಯುತ್ತಾರೆ, ನಾರಾಯಣಪೇಟೆಯಲ್ಲಿ ಸಾದಾ ಸೀರೆಯೂ ಸಿಗುತ್ತದೆ. ನಾನು ಹೇಳುತ್ತಿರುವುದು ನಮ್ಮ ಮನೆಯ ಟ್ರಂಕು ಮತ್ತು ಹಗ್ಗದ ಲೆಕ್ಕ.) ತಿರುಮಲೆಯ ಬ್ರಹ್ಮೋತ್ಸವಕ್ಕೆ ಪ್ರತಿವರ್ಷ ಗದ್ವಾಲ್ ಸಂಸ್ಥಾನದ ಹೆಸರಿನಲ್ಲಿ ಏರುವಾಡ ಜೋಡು ಪಂಚೆ ಹೋಗುತ್ತದೆ. ನೇಯುವವರು ಅದನ್ನು ವ್ರತ ಹಿಡಿದು ನೇಯುತ್ತಾರೆ. ದೇವರ ಬಟ್ಟೆ ನೇಯುವ ಊರಿನ ಸೀರೆ ಉಟ್ಟರೆ ನಮ್ಮ ಚಿಕ್ಕವ್ವನೂ ಆ ದಿನ ವ್ರತಕ್ಕೇ ಕೂಡುತ್ತಿದ್ದಳು. ಅವಳದು ನೇರಳೆ ದಡಿಯ ಕೆನೆಬಣ್ಣದ ಗದ್ವಾಲ್. ಕೂಡುವ ಮುಂಚೆ ಚಾಪೆಯನ್ನು ಎರಡೆರಡು ಸಲ ಜಾಡಿಸುವುದು, ಕೂಸುಗಳನ್ನು ಹತ್ತಿರ ಸೇರಿಸದಿರುವುದು, ಊಟಕ್ಕೆ ಕೂತರೆ ಸಾರು ಬೇಡವೆಂದು ಮೊಸರನ್ನಕ್ಕೇ ಮುಗಿಸುವುದು. ಬಣ್ಣಕ್ಕೆ ಹೊಂದುವ ಊಟ.

ಅವ್ವನ ಚೌಕಡಿ, ಚಿಕ್ಕವ್ವನ ಸಾದಾ, ಈ ಎರಡರ ನಡುವೆ ಬಂದದ್ದು ಪ್ರಿಂಟು. ಮೊದಲು ವಾಯಿಲ್, ಆಮೇಲೆ ನೈಲಾನ್, ಆಮೇಲೆ ಸೂರತ್ತಿನ ಪಾಲಿಯೆಸ್ಟರ್. ಅಂಗೈಯಗಲದ ದಾಸವಾಳ, ನವಿಲು, ಹೆಸರಿಲ್ಲದ ಬಳ್ಳಿಗಳು. ಕೈಮಗ್ಗದವರ ಪರ ನಿಂತು ಮಾತಾಡುವ ನಾವೆಲ್ಲ ಇದನ್ನು ಬೈಯುತ್ತೇವೆ, ಬೈಯಲು ಕಾರಣವೂ ಇದೆ. ನಾರಾಯಣಪೇಟೆಯ ಎಷ್ಟೋ ಮಗ್ಗಗಳ ಸದ್ದು ಇದರಿಂದಲೇ ನಿಂತಿತು. ಆದರೆ ಅವ್ವ ಆ ಸೀರೆ ಕಂಡು ಹಿಗ್ಗಿದ್ದನ್ನು ನಾನು ಹೇಗೆ ಮುಚ್ಚಿಡಲಿ? ಗಂಜಿ ಬೇಡ, ಇಸ್ತ್ರಿ ಬೇಡ, ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆ ಉಡಬಹುದು. ತೊಯ್ದ ನೂಲಿನ ಸೀರೆಯನ್ನು ಕಲ್ಲಿಗೆ ಬಡಿದು ಬಡಿದು ರಟ್ಟೆ ನೋಯಿಸಿಕೊಂಡ ಹೆಂಗಸಿಗೆ ಪಾಲಿಯೆಸ್ಟರಿನ ಭಾರವೇ ಇಲ್ಲದ ಬಕೆಟ್ಟು ಹಬ್ಬದ ಉಡುಗೊರೆ ಅನ್ನಿಸಿದರೆ ತಪ್ಪೇನು? ಬೇಸಿಗೆಯಲ್ಲಿ ಬೆವರಿ ಬೆನ್ನೆಲ್ಲ ಬೊಕ್ಕೆ ಎದ್ದಾಗ ಮತ್ತೆ ಚೌಕಡಿಗೆ ಬಂದಳು, ಆ ಮಾತು ಬೇರೆ.

ಪ್ರಿಂಟಿನ ಮೇಲಿನ ಸಿಟ್ಟಂತೂ ಹೊಸದಲ್ಲ. ಗದ್ವಾಲಿನ ಬದಿಗೆ ಹರಿದ ಇದೇ ಕೃಷ್ಣೆ ಕಡಲು ಸೇರುವ ಸೀಮೆಯಲ್ಲಿ ಮಚಲೀಪಟ್ಟಣವಿದೆ. ಅಲ್ಲಿಂದ ಮತ್ತು ಕೋರಮಂಡಲ ಕರಾವಳಿಯ ಬೇರೆ ಬಂದರುಗಳಿಂದ 17ನೆಯ ಶತಮಾನದಲ್ಲಿ ಹೂಬಳ್ಳಿಯ ಅಚ್ಚಿನ ಬಟ್ಟೆ ಹಡಗು ಹಡಗಾಗಿ ಯುರೋಪಿಗೆ ಹೋಯಿತು. ಮೊದಲು ಮಂಚದ ಪರದೆಗೆ, ಗೋಡೆಗೆ. ಆಮೇಲೆ ಹೆಂಗಸರ ಮೈಮೇಲೆ. ಒಗೆದರೂ ಬಣ್ಣ ಬಿಡದ ಹೂವಿನ ಬಟ್ಟೆ ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ರಾಬಿನ್ಸನ್ ಕ್ರೂಸೋ ಬರೆದ ಡೇನಿಯಲ್ ಡೀಫೊ 1708ರಲ್ಲೇ ಈ ಬಟ್ಟೆ ಮನೆಮನೆಗೆ ನುಗ್ಗಿತೆಂದು ಗೊಣಗಿದ. ಯಜಮಾನಿ ಯಾರು, ಕೆಲಸದವಳು ಯಾರು ಎಂದು ತಿಳಿಯದಂತಾಯಿತು ಎಂಬ ದೂರು ಬೇರೆ. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು, ಅಚ್ಚಿನ ಬಟ್ಟೆ ತೊಟ್ಟ ಹೆಂಗಸರ ಮೇಲೆ ಮಸಿ, ಆಸಿಡ್ ಎರಚಿ, ಉಡುಪು ಹರಿದರು. 1721ರಲ್ಲಿ ಪಾರ್ಲಿಮೆಂಟು ಅಂಥ ಬಟ್ಟೆ ತೊಡುವುದನ್ನೇ ನಿಷೇಧಿಸಿತು. ಆ ಕಾನೂನು ಹೋದದ್ದು 1774ರಲ್ಲಿ. ಫ್ರಾನ್ಸ್ ಇನ್ನೂ ಮುಂಚೆಯೇ, 1686ರಲ್ಲಿ, ನಿಷೇಧ ಹಾಕಿತ್ತು. ಹೊಟ್ಟೆಗೆ ಬಿದ್ದ ಹೊಡೆತದಿಂದ ಲಂಡನ್ನಿನ ನೇಕಾರ ಕೆರಳಿದ್ದು ಅರ್ಥವಾಗುತ್ತದೆ. ಆದರೆ ಏಟು ತಿಂದವಳು ಬಟ್ಟೆ ತರಿಸಿದ ವ್ಯಾಪಾರಿಯಲ್ಲ, ತೊಟ್ಟುಕೊಂಡ ಹೆಂಗಸು. ನಮ್ಮ ನಾರಾಯಣಪೇಟೆಯ ನೇಕಾರ ಸೂರತ್ತಿನ ಸೀರೆ ಉಟ್ಟವಳನ್ನು ಕಂಡು ನಿಟ್ಟುಸಿರು ಬಿಟ್ಟಾನು. ಅವನ ಹೆಂಡತಿಯೇ ಎಷ್ಟೋ ಸಲ ಅದನ್ನು ಉಟ್ಟಿರುತ್ತಾಳೆ.

ನನ್ನ ಮಗಳು ಹೈದರಾಬಾದಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಕಪಾಟು ತೆರೆದರೆ ಕಪ್ಪು, ಬೂದಿ, ಬಿಳಿ, ಮತ್ತೆ ಕಪ್ಪು. ನನ್ನ ದೊಡ್ಡ ಹೂವಿನ ಸೀರೆ ಕಂಡರೆ “ಅವ್ವಾ, ಪರದಾ ಸುತ್ಕೊಂಡಂಗ ಕಾಣ್ತಿ” ಎನ್ನುತ್ತಾಳೆ. ಮಚಲೀಪಟ್ಟಣದ ಕತೆ ಹೇಳಿ, ಅದು ಮೊದಲು ಪರದೆಯೇ ಆಗಿತ್ತು ಕಣವ್ವ ಎಂದೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅವಳ ಮನೆಯಲ್ಲಿ ಒಗೆಯುವ ಮಷೀನಿದೆ, ಊಟ ಪೊಟ್ಟಣದಲ್ಲಿ ಬರುತ್ತದೆ. ಅವಳಿಗೆ ಸಾದಾ ಉಡುವುದು ಹಗುರ. ನಾನು ಹೂವು ಉಡುವುದು ಈಗ ಕಲೆ ಮುಚ್ಚುವುದಕ್ಕಲ್ಲ, ಸುಮ್ಮನೆ ಹಿಡಿಸುತ್ತದೆ ಎಂದು. ಅವ್ವನ ತಲೆಮಾರಿಗೆ ಈ ಸುಮ್ಮನೆಯ ಸುಖ ಇರಲಿಲ್ಲ.

ಕಳೆದ ದೀಪಾವಳಿಗೆ ಅವ್ವ, ನಾನು, ಮಗಳು ಮೂವರೂ ನಾರಾಯಣಪೇಟೆಗೆ ಹೋಗಿದ್ದೆವು. ಅಂಗಡಿಯ ಶೇಠ್ ಹೇಳಿದ: ಈಗಿನ ಹುಡುಗಿಯರು ಮೈ ಸಾದಾ ಇರಲಿ, ದಡಿ ಮಾತ್ರ ನಾರಾಯಣಪೇಟೆಯದು ಇರಲಿ ಎನ್ನುತ್ತಾರೆ. ಅದನ್ನೇ ನೇಯಿಸುತ್ತೇವೆ, ಚೌಕಡಿಯನ್ನು ಬ್ಲೌಸಿಗೆ ಇಡುತ್ತೇವೆ. ಮಗಳು ಆರಿಸಿದ್ದು ಕಡುಗೆಂಪು ದಡಿಯ ಅಚ್ಚ ಬಿಳಿ ಸೀರೆ. ಅವ್ವ ಅದನ್ನು ಕೈಗೆ ತಗೊಂಡು, ತಿರುವಿ, ಬೆಳಕಿಗೆ ಹಿಡಿದು, ನೇಯ್ಗೆ ಒಪ್ಪಿದ ಮೇಲೆ ಮೊಮ್ಮಗಳ ಕಡೆ ತಿರುಗಿದಳು.

“ಇದನ್ನ ಯಾರು ಒಗೀತಾರವ್ವಾ?”

“ಡ್ರೈ ಕ್ಲೀನಿಗೆ ಹಾಕ್ತೀನಿ ಅಜ್ಜಿ.”

“ಎಷ್ಟು ತಗೋತಾನ ಅವ?”

“ಒಂದ್ ಸಲಕ್ಕ ಮುನ್ನೂರು.”

ಅವ್ವ ಸೀರೆಯನ್ನು ಶೇಠನ ಮುಂದೆ ಇಟ್ಟಳು. “ಹಂಗಿದ್ರ ಶೇಠ್, ಐದು ಸಲದ್ದು ಹಿಡಕೊಂಡು ರೇಟು ಹೇಳ್ರಿ.”

ಶೇಠ್ ಕೈ ಮುಗಿದ, ನಕ್ಕ, ಚಾ ತರಿಸಿದ. ಕೊನೆಗೆ ಎರಡು ಸಲದ್ದು ಬಿಟ್ಟ.